ತಾಮ್ರದ ಚೊಂಬಿನಂಥ ಹೊಟ್ಟೆ

ನಿಮಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ "ಆಪರೇಷನ್ ಥಿಯೇಟರ್‌ನಲ್ಲಿ" ಎಂದು ಹೇಳಿ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಲ್ಲಿ ಏನು ಮಾಡುತ್ತೀರಿ ಎಂಬ ಮುಂದಿನ ಪ್ರಶ್ನೆ ಬರುವಷ್ಟರಲ್ಲಿ ಮಳೆಯದೋ ರೇಷ್ಮೆಗೂಡಿನ ರೇಟಿನದೋ ಮಾತು ತೆಗೆದುಬಿಡುತ್ತಿದ್ದೆ. ಹೀಗೆ ಜಾರಿಕೊಂಡೇ ಸರ್ವಿಸು ಮುಗಿಸಿದೆ. ಈಗ ಚನ್ನಪಟ್ಟಣದ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುವ ಮುದುಕ ನಾನು. ಯಾರ ಹೆದರಿಕೆಯೂ ಇಲ್ಲ, ಹೇಳಿಬಿಡುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಬಂದವರ ಮೈ ಬೋಳಿಸಿ, ತೊಳೆದು, ಔಷಧಿ ಬಳಿದು, ಡಾಕ್ಟರ ಮುಂದೆ ಮಲಗಿಸುವುದು ನನ್ನ ಕೆಲಸವಾಗಿತ್ತು.

ಈಗ ಇದಕ್ಕೆ ಡಿಪ್ಲೊಮಾ ಇದೆಯಂತೆ. ಓದಿ, ಪರೀಕ್ಷೆ ಬರೆದು, ಬಿಳಿ ಕೋಟು ಹಾಕಿಕೊಂಡು ಬರುವ ಮಕ್ಕಳಿಗೆ ಒಂದೆರಡು ಮಾತು ಹೇಳೋಣ ಎಂದು ಬರೆಯಲು ಕೂತೆ. ಬುದ್ಧಿ ಹೇಳುವಷ್ಟು ದೊಡ್ಡವನೇನಲ್ಲ. ನಾನು ಬಿದ್ದ ಹಳ್ಳಗಳು ಎಲ್ಲೆಲ್ಲಿವೆ ಎಂದು ತೋರಿಸಬಲ್ಲೆ, ಅಷ್ಟೆ.

ಕೆಲಸದ ಹೆಸರು ಮುಚ್ಚಿಡುವುದಕ್ಕೆ ನನ್ನ ಮಾವನವರೂ ಒಂದು ಕಾರಣ. ಹೊಂಗನೂರಿನ ಬೋರೇಗೌಡರು ಅಂದರೆ ಸುತ್ತಮುತ್ತ ಒಂದು ತೂಕ. ರೇಷ್ಮೆ ಬೆಳೆಯುವವರು, ಹೆಗಲ ಮೇಲಿನ ಬಿಳಿ ಟವಲ್ಲು ಜಾರದಂತೆ ನಡೆಯುವವರು. ಸಂಬಂಧ ಕುದುರಿಸಿದವರು ಅವರಿಗೆ "ಹುಡುಗ ಆಪರೇಷನ್ ಮಾಡೋ ಜಾಗದಲ್ಲವ್ನೆ" ಎಂದಿದ್ದರು. ಆ ಮಾತು ಹೊಂಗನೂರು ಬಸ್‌ಸ್ಟಾಪಿನಲ್ಲಿ ಇಳಿಯುವಷ್ಟರಲ್ಲಿ "ನಮ್ಮಳಿಯಂದ್ರು ಆಪ್ರೇಸನ್ ಮಾಡ್ತಾರೆ" ಎಂದಾಗಿತ್ತು. ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆ ಹೋದರೆ ಸಾಕು, ಗಂಟು ಇದ್ದವರು, ಬಾವು ಇದ್ದವರು ಜಗಲಿ ಮುಂದೆ ಸೇರುತ್ತಿದ್ದರು. ನಾನು ಗಂಟನ್ನು ಎರಡು ಬೆರಳಲ್ಲಿ ಒತ್ತಿ, ಹುಬ್ಬು ಗಂಟಿಕ್ಕಿ, "ದೊಡ್ಡ ಡಾಕ್ಟರಿಗೆ ಒಂದು ಸಲ ತೋರಿಸಿಬಿಡಿ" ಎನ್ನುತ್ತಿದ್ದೆ. ಮಾವ ಪಕ್ಕದಲ್ಲಿ ನಿಂತು ಮೀಸೆ ಸವರಿಕೊಳ್ಳುತ್ತಿದ್ದರು. ಆ ಗಂಭೀರ ಮುಖ ಮಾಡುವುದರಲ್ಲಿ ಮಾತ್ರ ನಾನು ಯಾವ ಡಾಕ್ಟರಿಗೂ ಕಮ್ಮಿಯಿರಲಿಲ್ಲ.

ನನಗೆ ಕೆಲಸ ಕಲಿಸಿದವರು ಸಿಸ್ಟರ್ ಮೇರಿಯಮ್ಮ. ಥಿಯೇಟರಿಗೆಲ್ಲ ಅವರೇ ಯಜಮಾನಿ. ಡಾಕ್ಟರುಗಳೂ ಅವರ ಮುಂದೆ ಚಪ್ಪಲಿ ಸದ್ದು ಮಾಡದೆ ನಡೆಯುತ್ತಿದ್ದರು. ಮೊದಲ ದಿನ ಕೈಗೆ ಬೋಳಿಸುವ ಕತ್ತಿ ಕೊಟ್ಟು, "ನೋಡು ನಿಂಗರಾಜು, ಹರ್ನಿಯಾ ಅಂದ್ರೆ ಎದೆ ಕೆಳಗಿಂದ ಅರ್ಧ ತೊಡೆವರೆಗೆ. ನಾಳೆ ಬೆಳಿಗ್ಗೆ ಒಂದೇ ಒಂದು ಕೂದಲು ಕಂಡ್ರೂ ನಿನ್ನ ತಲೆ ಬೋಳಿಸಿ ವಾರ್ಡಲ್ಲೆಲ್ಲ ಮೆರವಣಿಗೆ ಮಾಡಿಸ್ತೀನಿ" ಎಂದರು. ಆಗಿನ ಪದ್ಧತಿ ಅದು. ಆಪರೇಷನ್‌ನ ಹಿಂದಿನ ದಿನ ಸಂಜೆಯೇ ಬೋಳಿಸಿ, ಸಾಬೂನಿನಲ್ಲಿ ತೊಳೆದು ಬಿಡುವುದು, ಬೆಳಿಗ್ಗೆ ಥಿಯೇಟರಿನಲ್ಲಿ ಅಯೋಡಿನ್ ಬಳಿಯುವುದು. ಕೂದಲೆಂದರೆ ಕೊಳೆ, ಕೊಳೆಯೆಂದರೆ ಕೀವು ಎಂದು ನಾವೆಲ್ಲ ನಂಬಿದ್ದೆವು.

ನನ್ನ ಕೈಗೆ ಸಿಕ್ಕ ಮೊದಲ ಬಲಿ ಕೋಡಿಹಳ್ಳಿ ಕಡೆಯ ಕರಿಯಪ್ಪ. ಗಾಡಿ ಹೊಡೆಯುವವನು, ಕಲ್ಲು ಗುಂಡಿನಂಥ ಮೈ. ಬೆವರು ಸುರಿಸಿಕೊಂಡು ಅವನನ್ನು ಬೋಳಿಸಿ ಮುಗಿಸಿದೆ. ಮೊದಲ ಕೆಲಸವಲ್ಲವೇ, ಸಿಸ್ಟರ್ ಹೇಳಿದ್ದಕ್ಕಿಂತ ಒಂದು ಕೈ ಮೇಲಾಗಲಿ ಎಂದು ಪಕ್ಕದಲ್ಲಿದ್ದ ಸ್ಪಿರಿಟ್ ಬಾಟಲಿ ಎತ್ತಿ ಹತ್ತಿಗೆ ಧಾರಾಳವಾಗಿ ಸುರಿದುಕೊಂಡು ಹೊಟ್ಟೆಯಿಂದ ತೊಡೆ ಸಂದಿವರೆಗೂ ಒರೆಸಿಬಿಟ್ಟೆ. ಒಂದು ಗಳಿಗೆ ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕಿರುಚಿದ್ದು ಹೆದ್ದಾರಿವರೆಗೂ ಕೇಳಿಸಿರಬೇಕು.

"ಅಯ್ಯಯ್ಯಪ್ಪೋ! ಬೆಂಕಿ ಇಕ್ಬುಟ್ಟ ಕಣ್ರಪ್ಪೋ, ಈ ನನ್ಮಗ ಬೆಂಕಿ ಇಕ್ಬುಟ್ಟ!"

ಹಾಸಿಗೆ ಬಟ್ಟೆ ಸುತ್ತಿಕೊಂಡು ಓಡಿದವನು ಆಸ್ಪತ್ರೆ ಕಾಂಪೌಂಡಿನ ಹೊಂಗೆ ಮರದ ಕೆಳಗೆ ನಿಂತು ಗಾಳಿ ಹಾಕಿಕೊಳ್ಳತೊಡಗಿದ. ನಾನು ಬಾಟಲಿ ಹಿಡಿದುಕೊಂಡೇ ಹಿಂದೆ ಓಡಿದ್ದು ಇನ್ನೊಂದು ತಪ್ಪು. ಬಾಟಲಿ ಕಂಡದ್ದೇ ಅವನು ಗೇಟು ದಾಟಿದ. "ಅತ್ರುಕ್ಕೆ ಬಂದ್ರೆ ಕಲ್ಲು ಬೀರ್ತೀನಿ ಕಣ್ಲಾ!" ಎಂದು ರಸ್ತೆ ಆಚೆಯಿಂದ ಕೂಗಿದ. ಕೊನೆಗೆ ಮೇರಿಯಮ್ಮನವರೇ ಹೋಗಿ, ಒಂದು ಲೋಟ ಮಜ್ಜಿಗೆ ಕೊಟ್ಟು, ಮಗುವನ್ನು ಕರೆತರುವ ಹಾಗೆ ಕೈ ಹಿಡಿದು ಕರೆತಂದರು. ನಾನು ಆ ದಿನ ಮನಸ್ಸಿನಲ್ಲಿ ಅಂದುಕೊಂಡದ್ದು ಇಷ್ಟೇ: ನೋಡೋಕೆ ಆನೆ, ಒಂದು ಚೂರು ಉರಿ ತಡೆಯೋಕಾಗಲ್ಲ. ಅವನ ಮೈ ಯಾಕೆ ಹಾಗೆ ಉರಿಯಿತು ಎಂದು ಕೇಳಿಕೊಳ್ಳುವ ಬುದ್ಧಿ ಬರಲು ಬಹಳ ವರ್ಷ ಬೇಕಾಯಿತು.

ಇನ್ನೊಂದು ಸಲ ನಮ್ಮ ಚನ್ನಪಟ್ಟಣದವರೇ, ಬೊಂಬೆ ಕಡೆಯುವ ಒಬ್ಬರು, ಮಣಿಕಟ್ಟಿನ ಗಂಟು ತೆಗೆಸಿಕೊಳ್ಳಲು ಬಂದರು. ಅಂಗೈ, ಬೆರಳ ಸಂದಿ ಎಲ್ಲ ಕೆಂಪು, ಹಳದಿ, ಒಂದಿಷ್ಟು ಹಸಿರು. ಎಂಥಾ ಗಲೀಜು ಮನುಷ್ಯ ಎಂದುಕೊಂಡು ಬ್ರಷ್ ತೆಗೆದುಕೊಂಡು ಉಜ್ಜಿದೆ. ಹೋಗಲಿಲ್ಲ. ಇನ್ನಷ್ಟು ಉಜ್ಜಿದೆ. ಪಾಪ, ಮರ್ಯಾದಸ್ಥರು, ಹಲ್ಲು ಕಚ್ಚಿಕೊಂಡು ಕೂತಿದ್ದರು. ಕೊನೆಗೆ ತಡೆಯಲಾರದೆ, "ಸಾಮಿ, ಅದು ಕೊಳೆಯಲ್ಲ, ಬೊಂಬೆಗೆ ಹಚ್ಚೋ ಅರಗು. ನಮ್ಮಪ್ಪನ ಕೈಲೂ ಇತ್ತು, ಸುಟ್ಟಾಗ್ಲೇ ಹೋಗಿದ್ದು" ಎಂದರು. ಅಷ್ಟರಲ್ಲಿ ಕೆಂಪು ಬಣ್ಣ ಯಾವುದು, ಕೆಂಪಾದ ಚರ್ಮ ಯಾವುದು ಎಂದು ಗೊತ್ತಾಗದ ಹಾಗೆ ಆಗಿತ್ತು. ಮೇರಿಯಮ್ಮ ಬಂದು ನೋಡಿ, "ಕೊಳೆ ತೆಗಿ ಅಂದ್ರೆ ಚರ್ಮ ತೆಗೀತೀಯಲ್ಲೋ ಮಹಾರಾಯ" ಎಂದು ತಲೆ ಚಚ್ಚಿಕೊಂಡರು. ಬೊಂಬೆಯವರ ಆಪರೇಷನ್ ಮುಂದಿನ ವಾರಕ್ಕೆ ಹೋಯಿತು. ಹೋಗುವಾಗ ನನ್ನ ಮಗುವಿಗೆ ಅಂತ ಒಂದು ಬುಗುರಿ ಕೊಟ್ಟು ಹೋದರು, ಆ ನೋಯುವ ಕೈಯಲ್ಲೇ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಹೊಕ್ಕಳಿನ ವಿಷಯ ಮಾತ್ರ ನಾನು ಸರಿಯಾಗಿ ಕಲಿತೆ, ಅದನ್ನು ಹೇಳಿಬಿಡುತ್ತೇನೆ. ಮೈಯೆಲ್ಲ ತೊಳೆದು ಹೊಕ್ಕಳು ಮರೆತರೆ ಏನೂ ತೊಳೆದ ಹಾಗಲ್ಲ. ಮಾಗಡಿ ಕಡೆಯವರು ಕಣ್ಣು ತಂಪಾಗಲಿ ಎಂದು ಹೊಕ್ಕಳಿಗೆ ಹರಳೆಣ್ಣೆ ಬಿಡುತ್ತಾರೆ. ಅದರ ಮೇಲೆ ಹೊಲದ ಧೂಳು ಕೂತು, ಮತ್ತೆ ಎಣ್ಣೆ, ಮತ್ತೆ ಧೂಳು. ಅಲ್ಲಿಂದ ನಾನು ರಾಗಿ ಹೊಟ್ಟು ತೆಗೆದಿದ್ದೇನೆ, ವಿಭೂತಿ ತೆಗೆದಿದ್ದೇನೆ, ಒಬ್ಬರ ಹೊಕ್ಕಳಿನಿಂದ ಒಂದು ಸಾಸಿವೆ ಕಾಳು ತೆಗೆದಿದ್ದೇನೆ. ಕೆರೆಯಬೇಡಿ. ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಒಳಗಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ವಾಪಸ್ ಬರುವಷ್ಟರಲ್ಲಿ ತಾನೇ ಬಿಟ್ಟುಕೊಂಡಿರುತ್ತದೆ.

ಕೈ ಪಳಗಿತು. ಎಷ್ಟು ಪಳಗಿತು ಎಂದರೆ ನನಗೆ ಅಹಂಕಾರ ಬಂತು. ಆಗ ನಮ್ಮಲ್ಲಿದ್ದ ಸರ್ಜನ್ ಹಳೇ ಕಾಲದವರು, ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಬೆಳಿಗ್ಗೆ ಥಿಯೇಟರಿಗೆ ಬಂದವರೇ ಕೈ ಹಿಂಭಾಗದಿಂದ ರೋಗಿಯ ಹೊಟ್ಟೆ ಸವರಿ ನೋಡುತ್ತಿದ್ದರು. ಒಂದು ದಿನ ಹಾಗೆ ಸವರಿ, "ನಿಂಗರಾಜು, ತಾಮ್ರದ ಚೊಂಬು ಕಣಯ್ಯ ಇದು" ಎಂದುಬಿಟ್ಟರು. ಆ ಒಂದು ಮಾತು ನನ್ನನ್ನು ಕೆಡಿಸಿತು. ಅಂದಿನಿಂದ ಪ್ರತಿ ಹೊಟ್ಟೆಯನ್ನೂ ಒಂದು ಸಲ ಸಾಲದು ಎಂದು ಎರಡೆರಡು ಸಲ ಎಳೆಯತೊಡಗಿದೆ, ಕೂದಲು ಹುಟ್ಟಿದ ದಿಕ್ಕಿಗೆ ಒಮ್ಮೆ, ಎದುರು ದಿಕ್ಕಿಗೆ ಒಮ್ಮೆ. ಹೊಂಗನೂರಿನ ಜಗಲಿಯ ಮೇಲೂ ಅದೇ ಭಾಷಣ, ಬೋಳಿಸುವವನು ನಾನೇ ಎಂಬುದೊಂದನ್ನು ಬಿಟ್ಟು. "ಬೋಳಿಸೋದು ಅಂದ್ರೆ ಸುಮ್ನೆ ಅಲ್ಲ ಮಾವ. ತಾಮ್ರದ ಚೊಂಬಿನ ಹಂಗಿರಬೇಕು. ನೊಣ ಕೂತ್ರೆ ಜಾರಬೇಕು. ಹಂಗಿಲ್ದೆ ಬಂದೋರ್ನ ಡಾಕ್ಟ್ರು ಮುಟ್ಟೋದೇ ಇಲ್ಲ." ಮಾವ ತಲೆದೂಗುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಹಾಗಿದ್ದರೆ ಗಾಯಗಳು ಕೀವಾಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿದ್ದವು. ಆಗ ನಾವು ಬದನೆಕಾಯಿಯನ್ನು ಹಿಡಿದುಕೊಳ್ಳುತ್ತಿದ್ದೆವು. ಬದನೆಕಾಯಿ ತಿಂದ್ರಾ? ಕುಂಬಳಕಾಯಿ? ನೆಂಟರು ಮನೆಯಿಂದ ಸಾರು ತಂದಿದ್ರಾ? ನಂಜು ಆಗದೆ ಇನ್ನೇನಾಗುತ್ತೆ! ಹೀಗೆ ರೋಗಿಯನ್ನೇ ಗದರಿಸಿ ಕಳಿಸುತ್ತಿದ್ದೆ. ಬದನೆಕಾಯಿಗೆ ಬಾಯಿ ಇದ್ದಿದ್ದರೆ ನನ್ನ ಮೇಲೆ ಕೇಸು ಹಾಕುತ್ತಿತ್ತು.

ದೊಡ್ಡ ಡಾಕ್ಟರು ರಿಟೈರಾದ ಮೇಲೆ ಬಂದವರು ಡಾಕ್ಟರ್ ಶೈಲಜಾ. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬೇಕು. ಮೊದಲ ದಿನವೇ ರೋಗಿಯ ಹೊಟ್ಟೆಯ ಮೇಲೆ ಬಗ್ಗಿ ನೋಡಿ, "ಇವರನ್ನ ಯಾರು ಬೋಳಿಸಿದ್ದು?" ಎಂದರು. ಹೊಗಳುತ್ತಾರೆ ಎಂದು ಎದೆ ಸೆಟೆಸಿ ಮುಂದೆ ಬಂದೆ. "ಇನ್ನು ಮೇಲೆ ಬ್ಲೇಡು ಬೇಡ ನಿಂಗರಾಜು ಅವರೇ. ಕೂದಲು ಅಡ್ಡ ಬರದಿದ್ದರೆ ಮುಟ್ಟಲೇಬೇಡಿ. ಅಡ್ಡ ಬಂದರೆ ಥಿಯೇಟರಿಗೆ ಕರ್ಕೊಂಡು ಹೋಗೋ ಮುಂಚೆ ಮೆಷಿನ್‌ನಲ್ಲಿ ಕತ್ತರಿಸಿ ಸಾಕು" ಎಂದರು.

ನನ್ನ ಅಷ್ಟೂ ವರ್ಷದ ಕಸುಬನ್ನು ಒಂದು ವಾಕ್ಯದಲ್ಲಿ ಕಸದ ಬುಟ್ಟಿಗೆ ಹಾಕಿದ ಹಾಗಾಯಿತು. ಸಿಟ್ಟು ನೆತ್ತಿಗೇರಿತು. "ಮೇಡಂ, ನನ್ನ ಕೈಯಲ್ಲಿ ಗಾಯ ಆಗಲ್ಲ. ಬೇಕಾದರೆ ಯಾರನ್ನಾದ್ರೂ ಕೇಳಿ" ಎಂದೆ. ಆಕೆ ವಾದ ಮಾಡಲಿಲ್ಲ. "ಹಾಗಾದ್ರೆ ನಿಮ್ಮ ಕೈನೇ ಬೋಳಿಸಿಕೊಳ್ಳಿ, ನೋಡೋಣ" ಎಂದರು. ಎಲ್ಲರ ಮುಂದೆ ಎಡಗೈ ಚಾಚಿ, ಸಾಬೂನು ಹಚ್ಚಿ, ಮೊಣಕೈವರೆಗೆ ನುಣ್ಣಗೆ ಎಳೆದೆ. ಒಂದು ತೊಟ್ಟು ರಕ್ತವಿಲ್ಲ. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ಆಗ ಆಕೆ ಸ್ಪಿರಿಟ್ ಹತ್ತಿ ತೆಗೆದುಕೊಂಡು ಮೆಲ್ಲಗೆ ಒರೆಸಿದರು.

ಉರಿಯಿತು ನೋಡಿ! ಒಂದು ಕಡೆಯಲ್ಲ, ಕೈ ತುಂಬ. ಮುಖ ಗಂಟಿಕ್ಕಬಾರದು ಎಂದು ನಾನು ಗೋಡೆಯ ಮೇಲಿನ ಹಲ್ಲಿಯನ್ನೇ ನೋಡುತ್ತಾ ನಿಂತೆ. ಆದರೂ ಕಣ್ಣಲ್ಲಿ ನೀರು ಬಂತು. "ಬಲಗೈಗೂ ಒರೆಸ್ತೀನಿ, ಅದನ್ನ ಬೋಳಿಸಿಲ್ಲವಲ್ಲ" ಎಂದು ಅದಕ್ಕೂ ಒರೆಸಿದರು. ತಣ್ಣಗಿತ್ತು. "ಎಲ್ಲೆಲ್ಲಿ ಉರಿಯಿತೋ ಅಲ್ಲೆಲ್ಲ ಚರ್ಮ ಕಿತ್ತಿದೆ. ಕಣ್ಣಿಗೆ ಕಾಣಲ್ಲ. ಹಿಂದಿನ ಸಂಜೆ ಬೋಳಿಸಿದರೆ ರಾತ್ರಿಯೆಲ್ಲ ಅಲ್ಲಿ ಕ್ರಿಮಿ ಬೆಳೆಯುತ್ತೆ. ಬೆಳಿಗ್ಗೆ ನಾವು ಅದರ ಮೇಲೆಯೇ ಕೊಯ್ತೀವಿ" ಎಂದರು. ನನಗೆ ಹೊಂಗೆ ಮರದ ಕೆಳಗೆ ಗಾಳಿ ಹಾಕಿಕೊಳ್ಳುತ್ತಿದ್ದ ಕರಿಯಪ್ಪ ನೆನಪಾದ. ಅವನು ಕಿರುಚಿದ್ದೇ ಇದನ್ನು. ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ. ಮೇರಿಯಮ್ಮನವರು ಮಾತ್ರ ನನ್ನ ಕೈಗೆ ಊದುತ್ತಾ, "ಓಡೋಗ್ಲಿಲ್ವಲ್ಲ, ಪುಣ್ಯ" ಎಂದರು.

ಕತ್ತಿ ಕೆಳಗಿಟ್ಟೆ. ಮೆಷಿನ್ ಹಿಡಿದೆ. ಸಾಬೂನು ನೀರಿನಲ್ಲಿ ಸಾವಧಾನವಾಗಿ ತೊಳೆಯುವುದು, ಕೊಯ್ಯುವ ಜಾಗದಿಂದ ಶುರುಮಾಡಿ ಹೊರಕ್ಕೆ ಅಯೋಡಿನ್ ಬಳಿಯುವುದು, ಹೊರಗೆ ಹೋದ ಹತ್ತಿಯನ್ನು ಮತ್ತೆ ಒಳಗೆ ತರದಿರುವುದು, ಒಣಗುವವರೆಗೆ ಕಾಯುವುದು, ಎಲ್ಲ ಕಲಿತೆ. ಒಣಗುವವರೆಗೆ ಕಾಯುವುದೇ ಕಷ್ಟ. ನಾವು ಗದ್ದೆ ನೀರಿನ ಹಾಗೆ ಸುರಿದು, ಬೆನ್ನಡಿಯಲ್ಲಿ ಮಡು ಕಟ್ಟಿಸಿ, ಮುಗೀತು ಎಂದು ಹೊರಟುಬಿಡುತ್ತಿದ್ದವರು. ಗಾಯಗಳು ಕೀವಾಗುವುದು ಕಮ್ಮಿಯಾಯಿತು. ಬದನೆಕಾಯಿ ತಿಂದವರದೂ ಕಮ್ಮಿಯಾಯಿತು. ಇದನ್ನೆಲ್ಲ ಹೊಂಗನೂರಿಗೆ ಹೋಗಿ ಹೇಳಿದೆನೇ? ಇಲ್ಲ. ಅಷ್ಟು ವರ್ಷ ಭಾಷಣ ಮಾಡಿದ ಜಗಲಿಯ ಮೇಲೆ ಕೂತು ನಾನು ಹೇಳಿದ್ದೆಲ್ಲ ತಪ್ಪು ಎನ್ನಲು ಬಾಯಿ ಬರಲಿಲ್ಲ. ಆ ಮೌನ ಮಾವನವರ ಹೊಟ್ಟೆಗೇ ಬಂತು.

ಮಾವನವರಿಗೆ ಹರ್ನಿಯಾ ಇತ್ತು. ತೊಡೆ ಸಂದಿಯಲ್ಲಿ ನಿಂಬೆಹಣ್ಣಿನಷ್ಟಿದ್ದದ್ದು ತೆಂಗಿನಕಾಯಿಯಷ್ಟಾಗುವವರೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಮುಚ್ಚಿಟ್ಟಿದ್ದರು. ನನ್ನ ಹೆಂಡತಿ ಜಯಮ್ಮನಿಗೆ ಗೊತ್ತಾಗಿ, ಅತ್ತು ಕರೆದು ಡಾಕ್ಟರ್ ಶೈಲಜಾ ಹತ್ತಿರ ತೋರಿಸಿದಳು. ಆ ದಿನ ನನ್ನನ್ನು ಬೇಕೆಂದೇ ಮಾರ್ಕೆಟ್ಟಿಗೆ ಕಳಿಸಿದ್ದಳು. ಕರುಳು ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಅಪಾಯ, ಬೇಗ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಮಾವ ಒಪ್ಪಲಿಲ್ಲ. ನೋವಿಗೆ ಹೆದರಿದ್ದಲ್ಲ, ನನಗೆ ಹೆದರಿದ್ದು.

"ಅಳಿಯಂದ್ರ ಮುಂದೆ ಇವತ್ತಿನ ಗಂಟ ಹೆಗಲ ಮ್ಯಾಲಿನ ಟವಲ್ಲು ತೆಗ್ದೋನಲ್ಲ ಕಣವ್ವ ನಾನು. ಈಗ ಪಂಚೆ ಬಿಚ್ಚು ಅಂತೀಯಾ?"

"ಅಪ್ಪಾ, ಅವ್ರು ದಿನಾ ನೋಡೋದೇ ಅದ ಕಣಪ್ಪಾ."

"ಊರೋರ್ದು ನೋಡ್ಲಿ. ಮಾವಂದು ನೋಡೋದಾ? ಪ್ರಾಣ ಬೇಕಾದ್ರೂ ಬುಡ್ತೀನಿ."

ನಮ್ಮ ಕಡೆ ಅಳಿಯ ಎಂದರೆ ಹಾಗೆ. ಧಾರೆಯಲ್ಲಿ ಮಾವ ಕಾಲು ತೊಳೆದ ಮೇಲೆ ಅಳಿಯ ಸಾಯುವ ತನಕ ಅತಿಥಿ. ನಾನು ಹೋದರೆ ಅವರು ಮಂಚದಿಂದ ಎದ್ದು ನಿಲ್ಲುತ್ತಿದ್ದರು, ನಾನು ಊಟಕ್ಕೆ ಕೂರದೆ ಅವರು ಕೂರುತ್ತಿರಲಿಲ್ಲ. ಕೊನೆಗೆ ಜಯಮ್ಮನೇ ರಾಜಿ ಮಾಡಿಸಿದಳು. ಆಪರೇಷನ್ ದಿನ ನಾನು ರಜಾ ಹಾಕುವುದು, ಮಾವನವರನ್ನು ನನ್ನ ಜೊತೆಗಾರ ತಯಾರು ಮಾಡುವುದು. "ಏನೂ ಮಾಡಿಸ್ಕೋಬೇಡಿ, ಸೋಪು ಹಾಕಿ ಸ್ನಾನ ಮಾಡ್ಕೊಂಡು ಬಂದ್ರೆ ಸಾಕು ಅಂತ ಹೇಳು" ಎಂದು ಜಯಮ್ಮನಿಗೆ ಹೇಳಿ ಕಳಿಸಿದೆ.

ಆ ದಿನ ರಜಾ ಹಾಕಿ ವಾರ್ಡಿನ ಕಿಟಕಿಯಾಚೆ ಮರೆಯಲ್ಲಿ ನಿಂತಿದ್ದೆ. ಮಾವ ಹೊಸ ಪಂಚೆ ಉಟ್ಟು ಮದುವೆ ಗಂಡಿನ ಹಾಗೆ ಬಂದರು. ಡಾಕ್ಟರು ಪರದೆ ಎಳೆದು ನೋಡಿದ್ದೇ ತಡ, "ಅಯ್ಯೋ, ಇದೇನು ಯಜಮಾನ್ರೇ!" ಎಂದದ್ದು ಕೇಳಿಸಿತು.

"ಮೊನ್ನೇನೇ ಚೌರದೋನ್ನ ಮನೆಗೆ ಕರ್ಸಿ ಎಲ್ಡೆಲ್ಡು ದಪ ಎಳ್ಸಿವ್ನಿ ಕಣವ್ವ" ಎಂದರು ಮಾವ ಹೆಮ್ಮೆಯಿಂದ. "ಒಂದಪ ಹಿಂಗೆ, ಒಂದಪ ಎದುರ್ಗೆ. ಸೋಪು ಸಾಕು ಅಂತ ಮಗ್ಳು ಹೇಳಿದ್ಲು, ನಾ ಕೇಳ್ನಿಲ್ಲ. ಒಸಿ ಉರೀತು. ಅದುಕ್ಕೆ ಅರಿಸಿನ ಹರಳೆಣ್ಣೆ ಹಚ್ದೆ. ತಾಮ್ರದ ಚೊಂಬಿನಂಗೆ ಇಲ್ದೆ ಬಂದ್ರೆ ನೀವು ಮುಟ್ಟಾಕಿಲ್ವಂತಲ್ಲ. ಅಳಿಯಂದ್ರ ಹೆಸ್ರಿಗೆ ಕುಂದು ಬರಬಾರ್ದು ನೋಡಿ."

"ಯಾರು ನಿಮಗೆ ಇದನ್ನೆಲ್ಲ ಹೇಳಿದ್ದು?"

"ನಮ್ಮಳಿಯಂದ್ರೇ!"

ಡಾಕ್ಟರು ಪರದೆ ಸರಿಸಿ ಕಿಟಕಿಯ ಕಡೆ ನೋಡಿದರು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ.

ಹೊಟ್ಟೆ ಕೆಳಗೆಲ್ಲ ಗೀರು, ಗೀರಿನ ಸುತ್ತ ಕೆಂಪು, ಅಲ್ಲಲ್ಲಿ ಕೀವು ತುಂಬಿದ ಗುಳ್ಳೆ. ಆ ಚರ್ಮದ ಮೇಲೆ ಕತ್ತಿ ಇಡಲು ಆಗುವುದಿಲ್ಲ, ಗುಳ್ಳೆ ಮಾಯ್ದ ಮೇಲೆ ಬನ್ನಿ, ಭಾರ ಎತ್ತಬೇಡಿ, ಉಬ್ಬಿದ ಗೆಡ್ಡೆ ಒಳಗೆ ಹೋಗದೆ ವಾಂತಿ ಶುರುವಾದರೆ ಒಂದು ಗಳಿಗೆಯೂ ನಿಲ್ಲದೆ ಓಡಿಬನ್ನಿ ಎಂದು ಹೇಳಿ ಕಳಿಸಿದರು. ಮಾವನವರಿಗೆ ಕೇಳಿಸಿದ್ದು ಮೊದಲನೇ ಮಾತು ಮಾತ್ರ. "ಊರಿಗೆಲ್ಲ ಹೇಳ್ಬಂದಿವ್ನಿ. ಜಾತ್ರೇಲಿ ವ್ಯಾಪಾರ ಆಗ್ದಿರೋ ಎತ್ತಂಗೆ ವಾಪಸ್ ಹೊಡ್ದವ್ರೆ. ಇನ್ನ ಈ ಮೆಟ್ಲು ಹತ್ತಾಕಿಲ್ಲ" ಎಂದು ಜಯಮ್ಮನ ಮೇಲೆ ರೇಗಿ ಹೊರಟುಹೋದರು. ನಾನು ಬೇಲಿ ಪಕ್ಕದಲ್ಲಿ ನಿಂತು ಅವರ ಬಸ್ಸು ಹೋಗುವುದನ್ನು ನೋಡಿದೆ. ಓಡಿಹೋಗಿ ಬಸ್ಸು ಹತ್ತಿ ತಪ್ಪು ನನ್ನದು ಎನ್ನಬೇಕಿತ್ತು. ಹತ್ತಲಿಲ್ಲ.

ಅದಾಗಿ ಕೆಲವೇ ದಿನಕ್ಕೆ, ರೇಷ್ಮೆ ಹುಳ ಕೊನೇ ಜ್ವರ ಎದ್ದು, ಅಂದರೆ ಕೊನೇ ಸಲ ಪೊರೆ ಕಳಚಿ, ಸೊಪ್ಪು ಮುಕ್ಕುವ ಹೊತ್ತು. ಆಳು ಬರಲಿಲ್ಲ ಎಂದು ಮಾವ ತಾವೇ ರೇಷ್ಮೆ ಸೊಪ್ಪಿನ ಹೊರೆ ಎತ್ತಿದರು. ಹೊರೆ ತಲೆ ಮೇಲೆ ಕೂರುವ ಮೊದಲೇ ಕರುಳು ಸಿಕ್ಕಿಕೊಂಡಿತು. ನನ್ನ ಬಾಮೈದ ಅವರನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಾಗ ಮಧ್ಯಾಹ್ನದ ಬಿಸಿಲು. ವಾಂತಿ ಮಾಡಿ ಮಾಡಿ ಬಸವಳಿದಿದ್ದರು. ಡಾಕ್ಟರು ಮುಟ್ಟಿ ನೋಡಿ, "ಈಗಲೇ ತೆಗೀಬೇಕು. ನಿಂಗರಾಜು ಅವರೇ, ತಯಾರು ಮಾಡಿ" ಎಂದರು. ಜೊತೆಗಾರ ಆ ದಿನ ರಾಮನಗರಕ್ಕೆ ಹೋಗಿದ್ದ. ಮೇರಿಯಮ್ಮ ರಿಟೈರಾಗಿದ್ದರು. ಬೇರೆ ಸಿಸ್ಟರು ಥಿಯೇಟರ್ ಸಜ್ಜು ಮಾಡುತ್ತಿದ್ದರು.

ಕೋಣೆಯಲ್ಲಿ ನಾನೂ ಅವರೂ ಇಬ್ಬರೇ. ಮಾವ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಬ್ಯಾರೆ ಯಾರೂ ಇಲ್ವಾ?"

"ಇಲ್ಲ ಮಾವ."

ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಹೆಗಲ ಮೇಲಿನ ಬಿಳಿ ಟವಲ್ಲನ್ನು ತಾವೇ ತೆಗೆದು ನನ್ನ ಕೈಗಿಟ್ಟರು. "ಇದ ನನ್ ಮಕದ ಮ್ಯಾಲೆ ಆಕ್ಬುಡಿ. ನೀವು ನನ್ನ ನೋಡೋದ ನಾನು ನೋಡಬಾರ್ದು. ಆಮ್ಯಾಕೆ ಏನ್ ಬೇಕಾದ್ರೂ ಮಾಡ್ಕಳಿ."

ಟವಲ್ಲು ಮುಚ್ಚಿದೆ. ಪಂಚೆ ಬಿಡಿಸಿದೆ. ಗುಳ್ಳೆಗಳು ಒಣಗುತ್ತಿದ್ದವು, ಪೂರ್ತಿ ಮಾಯ್ದಿರಲಿಲ್ಲ. ಅದೆಷ್ಟೋ ಜನರ ಮೈ ತೊಳೆದಿದ್ದರೂ ಅವತ್ತು ನನಗೆ ಹೆದರಿಕೆಯಾಗಿತ್ತು, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ಗಾಯ ಕೀವಾದರೆ ಈ ವಯಸ್ಸಿಗೆ ಅವರು ಉಳಿಯುವುದಿಲ್ಲ. ಬದನೆಕಾಯಿಯ ಮೇಲೆ ಹಾಕುವ ಹಾಗೂ ಇಲ್ಲ. ಜಯಮ್ಮ ಬಾಗಿಲಾಚೆ ಕೂತಿದ್ದಾಳೆ.

ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಗುಳ್ಳೆ ಒಡೆಯದ ಹಾಗೆ ಮೆತ್ತಗೆ ಒರೆಸತೊಡಗಿದೆ. ಅರಿಶಿನದ ಜಿಡ್ಡು ಇನ್ನೂ ಇತ್ತು. ಟವಲ್ಲಿನ ಕೆಳಗಿಂದ ಮಾತು ಬಂತು.

"ಬೋಳ್ಸಾಕಿಲ್ವಾ?"

"ಇಲ್ಲ ಮಾವ. ಬೋಳ್ಸಿದ್ರೆ ಚರ್ಮ ಕಿತ್ತು ಗಾಯ ಆಯ್ತದೆ. ಅದುಕ್ಕೇ ನಿಮ್ಗೆ ಹಿಂಗಾಗಿರೋದು."

"ಹಂಗಾರೆ ಅಷ್ಟು ವರ್ಸದಿಂದ ಜಗ್ಲಿ ಮ್ಯಾಲೆ ಕುಂತ್ಕಂಡು ಹೇಳ್ತಿದ್ದುದ್ದು?"

"ಅದೆಲ್ಲ ತಪ್ಪು ಮಾವ. ನಂಗೂ ಗೊತ್ತಿರ್ಲಿಲ್ಲ. ಗೊತ್ತಾದ್ ಮ್ಯಾಕೆ ಹೇಳಾಕೆ ನಾಚಿಕೆಯಾಯ್ತು."

ಟವಲ್ಲು ಒಂದು ಸಲ ಉಬ್ಬಿ ಇಳಿಯಿತು. "ಥೂ, ನಿಮ್ಮ..." ಎಂದು ಶುರುಮಾಡಿದವರು ಅಳಿಯ ಎಂಬುದು ನೆನಪಾಗಿ ನುಂಗಿಕೊಂಡರು. ಆ ನೋವಿನಲ್ಲೂ ಬಹುವಚನ ಬಿಡಲಿಲ್ಲ ಮಹಾನುಭಾವರು. ಸ್ವಲ್ಪ ಹೊತ್ತಾದ ಮೇಲೆ, "ನಾಚ್ಕೆ ನನಗೊಬ್ಬನಿಗೇ ಅನ್ಕಂಡಿದ್ದೆ" ಎಂದರು. ಆಮೇಲೆ ಪಂಚೆ ಹಿಡಿದಿದ್ದ ಕೈ ಸಡಿಲವಾಯಿತು.

ಹೊಕ್ಕಳು ನೋಡಿದೆ. ಹರಳೆಣ್ಣೆ, ರೇಷ್ಮೆ ಸೊಪ್ಪಿನ ಪುಡಿ. ಎಲ್ಲ ತೆಗೆದೆ. ಥಿಯೇಟರಿನಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಅಯೋಡಿನ್ ಬಳಿದೆ, ಕೊಯ್ಯುವ ಜಾಗದಿಂದ ಹೊರಕ್ಕೆ, ಗುಳ್ಳೆಗಳಿದ್ದ ಕಡೆಗೆ ಕೊನೆಯಲ್ಲಿ. ಡಾಕ್ಟರು ಕೈಗವಸು ಹಾಕಿಕೊಂಡು ನಿಂತು, "ಆಯ್ತಾ?" ಎಂದರು.

"ಒಣಗಿಲ್ಲ ಮೇಡಂ. ಇನ್ನೊಂಚೂರು ಇರಿ."

ಸರ್ಜನ್ನರನ್ನು ನಾನು ಕಾಯಿಸಿದ್ದು ಅದೇ ಮೊದಲು. ಆಕೆ ಕಾದರು.

ಕರುಳು ಇನ್ನೂ ಕಪ್ಪಾಗಿರಲಿಲ್ಲ. ಸಡಿಲ ಮಾಡಿದ ಮೇಲೆ ಬಣ್ಣ ಬಂತು, ಒಳಗೆ ತಳ್ಳಿ ಹೊಲಿದರು. ಗಾಯದ ಚಿಂತೆ ಉಳಿಯಿತು. ಅದಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ ನೋಡುವ ದಿನದವರೆಗೆ ನನಗೆ ಅನ್ನ ಸೇರಲಿಲ್ಲ. ಯಾವ ನೆವ ಸಿಕ್ಕರೂ ಹೋಗಿ ಅವರ ಹಣೆ ಮುಟ್ಟಿ ಜ್ವರ ನೋಡುತ್ತಿದ್ದೆ. ಮಾವ ಕಣ್ಣು ಮುಚ್ಚಿಕೊಂಡೇ, "ಇಲ್ಲ ಕಣಿ, ತಣ್ಣಗಿವ್ನಿ" ಎನ್ನುತ್ತಿದ್ದರು. ಜಯಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು. ಡಾಕ್ಟರು ಬಟ್ಟೆ ಬಿಚ್ಚಿದಾಗ ನಾನು ಟ್ರೇ ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ. ಹೊಲಿಗೆ ಒಣಗಿತ್ತು. ಒಂದು ತೊಟ್ಟು ಕೀವಿಲ್ಲ. ನನಗೆ ಅಳು ಬಂತು, ಟ್ರೇ ಗಡಗಡ ಸದ್ದು ಮಾಡಿತು. "ಟ್ರೇ ಕೆಳಗಿಡಿ ನಿಂಗರಾಜು ಅವರೇ, ಬೀಳಿಸ್ತೀರಿ" ಎಂದರು ಡಾಕ್ಟರು.

ಮುಂದಿನ ಹಬ್ಬಕ್ಕೆ ಹೊಂಗನೂರಿಗೆ ಹೋದೆ. ಜಗಲಿ ತುಂಬ ಜನ. ಮಾವ ಚೇತರಿಸಿಕೊಂಡು ಮಂಚದ ಮೇಲೆ ಕೂತಿದ್ದವರು ನನ್ನನ್ನು ಕಂಡು ಎದ್ದು ನಿಂತರು. ಯಾರೋ ಒಬ್ಬ, "ಗೌಡ್ರೇ, ನಿಮ್ಗೆ ಆಪ್ರೇಸನ್ ಮಾಡಿದ್ದು ನಿಮ್ಮಳಿಯಂದ್ರೇಯಾ?" ಎಂದು ಕೇಳಿದ. ನಾನು ಮಳೆ ವಿಚಾರ ತೆಗೆಯಬೇಕು ಎಂದುಕೊಂಡೆ, ಮಾವ ಬಿಡಲಿಲ್ಲ.

"ಇಲ್ಲ ಕಣ್ಲಾ. ಕುಯ್ದಿದ್ದು ಡಾಕ್ಟ್ರಮ್ಮ. ಅಳಿಯಂದ್ರು ನನ್ನ ತೊಳುದ್ರು." ಮಾವ ಟವಲ್ಲು ಸರಿಮಾಡಿಕೊಂಡರು. "ಧಾರೆ ದಿಸ ನಾನು ಅವ್ರ ಪಾದ ಮಾತ್ರ ತೊಳ್ದಿದ್ದೆ. ಅವ್ರು ನನ್ನ ಎದೆಯಿಂದ ತೊಡೆ ಗಂಟ ತೊಳುದ್ಬುಟ್ರು. ನಾನೇ ಸೋತೆ ಕಣ್ಲಾ."

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಮಾವ ಒಳಗೆ ಹೋಗಿ, ಬಂದ ಅಳಿಯನಿಗೆ ಕಾಲು ತೊಳೆಯಲು ನೀರನ್ನು ತಾವೇ ತಂದು ನನ್ನ ಕೈಗೆ ಕೊಟ್ಟರು. ಮದುವೆಯಾದಾಗಿನಿಂದ ಆ ಮನೆಯಲ್ಲಿ ನನಗೆ ಕೊಡುತ್ತಿದ್ದ ಅದೇ ತಾಮ್ರದ ಚೊಂಬು. ಅದನ್ನು ನಾನು 'ನುಣುಪು' ಎಂದು ಊರಿಗೆಲ್ಲ ಹೇಳಿದ್ದೆನೇ ಹೊರತು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಬಿಸಿಲಿಗೆ ಹಿಡಿದು ನೋಡಿದೆ. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಅದರ ಮೈ ತುಂಬ ಸಣ್ಣ ಸಣ್ಣ ಗೀರುಗಳಿದ್ದವು.